ವೋಲ್ಟಾಟ್ ಬೆಟ್ಟದ ಬುಡದಲ್ಲಿ

ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವರು ಸಿಕ್ಕರೆ ಜನ ಮೊದಲು ಕೇಳುವುದು ಪೆಂಗ್ವಿನ್ ವಿಚಾರ. ನಾನೂ ನೋಡಿದ್ದೇನೆ, ಇಲ್ಲವೆನ್ನುವುದಿಲ್ಲ. ಹಡಗು ನಿಂತ ಕಡೆ ಗುಂಪಾಗಿ ಬಂದು, ನಮ್ಮನ್ನು ಸಾವಕಾಶವಾಗಿ ನೋಡಿಕೊಂಡು ಹೋದವು. ಆದರೆ ಊರಿಗೆ ಬಂದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಅಲ್ಲಿನ ಬೆಟ್ಟ. ಹಿಮಖಂಡ ಅಂದರೆ ಬರೀ ಬಿಳಿ ಬಯಲು ಅಂದುಕೊಂಡವರೇ ಹೆಚ್ಚು. ನಮ್ಮ ಮುಳ್ಳಯ್ಯನಗಿರಿಯನ್ನು ಮೀರಿಸುವ ಶಿಖರಗಳ ಸಾಲುಸಾಲೇ ಅಲ್ಲಿವೆ. ಮೈಯೆಲ್ಲ ಹಿಮದಲ್ಲಿ ಹೂತಿರುತ್ತದೆ, ತಲೆ ಮಾತ್ರ ಹೊರಗೆ. ಅಂಥ ಒಂದು ಸಾಲಿನ ಬುಡದಲ್ಲಿ ನಾವು ನಾಲ್ಕು ಜನ ಗಾಳಿಗೆ ಸಿಕ್ಕಿ ಟೆಂಟಿನೊಳಗೆ ಕೂತಿದ್ದಾಗ ನಡೆದ ಮಾತುಕತೆ ಇದು.

ಯಾವ ವರ್ಷ ಅಂತ ಲೆಕ್ಕ ಹಾಕಲು ಹೋಗುವುದಿಲ್ಲ. ನಮ್ಮ ಮೈತ್ರಿ ನಿಲ್ದಾಣ 1989ರಲ್ಲಿ ಶುರುವಾಗಿ ಕೆಲವು ವರ್ಷ ಕಳೆದಿತ್ತು. ಪಕ್ಕದಲ್ಲಿದ್ದ ಜರ್ಮನ್ನರ ಠಾಣೆಯನ್ನು ಆಗಷ್ಟೇ ಬಿಚ್ಚಿ ಸಾಗಿಸಿದ್ದರು. ರಷ್ಯನ್ನರು ಮಾತ್ರ 1961ರಿಂದ ಅಲ್ಲೇ ಇದ್ದವರು, ಆಗಲೂ ಇದ್ದರು. ಈ ಮೂವರೂ ಬೀಡುಬಿಟ್ಟ ಜಾಗಕ್ಕೆ ಶಿರ್ಮಾಕರ್ ಓಯಸಿಸ್ ಅಂತ ಹೆಸರು. ಸುಮಾರು 20 ಕಿಲೋಮೀಟರ್ ಉದ್ದದ, ಮೂರು ಕಿಲೋಮೀಟರ್ ಅಗಲದ ಬರಿಗಲ್ಲಿನ ಪಟ್ಟಿ ಅದು. ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಕೆರೆಗಳು ಅಲ್ಲಿ ಕಣ್ಣು ತೆರೆಯುತ್ತವೆ. ಮೈತ್ರಿಯ ಎದುರಿಗಿನ ಕೆರೆಗೆ ನಮ್ಮವರು ಪ್ರಿಯದರ್ಶಿನಿ ಅಂತ ಹೆಸರಿಟ್ಟಿದ್ದರು. ಕುಡಿಯುವ ನೀರು ಅದರದೇ. ಕೆರೆಯ ಹಿಂದೆ ಹಿಮದ ಗೋಡೆ. ಅದನ್ನು ಹತ್ತಿ ದಕ್ಷಿಣಕ್ಕೆ ಮುಖ ಮಾಡಿದರೆ, ಗಾಳಿ ಇಲ್ಲದ ದಿನ, ದಿಗಂತದ ಅಂಚಿಗೆ ಕಪ್ಪು ಚೂಪುಗಳು ಕಾಣುತ್ತಿದ್ದವು. ಅದೇ ವೋಲ್ಟಾಟ್ ಪರ್ವತ. ಪಶ್ಚಿಮಕ್ಕೆ ಹಂಬೋಲ್ಟ್, ನಡುವೆ ಪೀಟರ್‌ಮನ್, ಪೂರ್ವಕ್ಕೆ ಗ್ರೂಬರ್ ಅಂತ ಮೂರು ಕವಲು ಅದಕ್ಕೆ. ಹತ್ತಿರದಲ್ಲೇ ಇದೆ, ಸಂಜೆಯೊಳಗೆ ನಡೆದು ಹೋಗಿ ಬರಬಹುದು ಅನ್ನಿಸುತ್ತದೆ. ಎಂಬತ್ತು ತೊಂಬತ್ತು ಕಿಲೋಮೀಟರ್ ದೂರ. ಅಲ್ಲಿನ ಗಾಳಿಯಲ್ಲಿ ದೂಳಿಲ್ಲ, ತೇವವಿಲ್ಲ. ಕಣ್ಣು ದೂರವನ್ನು ಅಳೆಯುವುದನ್ನೇ ಮರೆತುಬಿಡುತ್ತದೆ.

ನಾನು ಹೋದದ್ದು ಕಲ್ಲು ನೋಡಲಿಕ್ಕೆ. ಭೂವಿಜ್ಞಾನ ಓದಿ ಅದೇ ಕಸುಬಿನಲ್ಲಿದ್ದವನು. ನಮ್ಮ ತಂಡದ ಹಿರಿಯರು ಕೋಲ್ಕತಾದವರು. ಎಲ್ಲರೂ ಅವರನ್ನು ದಾದಾ ಅನ್ನುತ್ತಿದ್ದೆವು. ಸಣ್ಣ ಕಟ್ಟಿನ ಆಳು, ದಪ್ಪ ಕನ್ನಡಕ. ಕಲ್ಲೊಡೆಯುವ ಸುತ್ತಿಗೆಯನ್ನು ಪ್ರತಿ ರಾತ್ರಿ ಒರೆಸಿ ದಿಂಬಿನ ಪಕ್ಕ ಇಟ್ಟೇ ಮಲಗುವವರು. ಅಡುಗೆಗೆ, ಹಗ್ಗ ಹಿಡಿಯುವುದಕ್ಕೆ, ಹಿಮದ ಬಿರುಕು ನೋಡಿ ದಾರಿ ಹೇಳುವುದಕ್ಕೆ ಗಢವಾಲದ ಒಬ್ಬ ಇದ್ದ. ಅವರ ಕಡೆ ತಮ್ಮನಿಗೆ ಭುಲಾ ಅನ್ನುತ್ತಾರಂತೆ, ನಮಗೂ ಅವನು ಭುಲಾನೇ ಆದ. ನಾಲ್ಕನೆಯವನು ಕೇರಳದ ವೈರ್‌ಲೆಸ್ ಹುಡುಗ. ಎಂಥ ಚಳಿಯಲ್ಲೂ ಕ್ರಾಪು ತಿದ್ದಿಕೊಳ್ಳದೆ ಮೈಕು ಹಿಡಿಯುತ್ತಿರಲಿಲ್ಲ. ಆ ಕಡೆಯವರಿಗೆ ಕಾಣುವುದಿಲ್ಲವಲ್ಲೋ ಅಂದರೆ, ದನಿಯಲ್ಲಿ ಗೊತ್ತಾಗುತ್ತೆ ಸಾರ್ ಅನ್ನುತ್ತಿದ್ದ.

ಹೆಲಿಕಾಪ್ಟರು ನಮ್ಮನ್ನು, ಟೆಂಟುಗಳನ್ನು, ಪೆಟ್ಟಿಗೆಗಳನ್ನು ಗ್ರೂಬರ್ ಬೆಟ್ಟದ ಬುಡದಲ್ಲಿ ಇಳಿಸಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಬಂತಲ್ಲ ಒಂದು ಮೌನ, ಅದನ್ನು ಹೇಗೆ ವಿವರಿಸುವುದೋ ಇವತ್ತಿಗೂ ಗೊತ್ತಾಗಿಲ್ಲ. ಮರ ಇಲ್ಲ, ಹುಲ್ಲಿಲ್ಲ, ನಾಯಿ ಬೊಗಳುವುದಿಲ್ಲ. ಕಿವಿಯೊಳಗೆ ನಮ್ಮ ರಕ್ತದ ಸದ್ದೇ ಕೇಳುತ್ತಿತ್ತು. ಸೂರ್ಯ ಮುಳುಗುವ ಕಾಲವೂ ಅಲ್ಲ. ನಡುರಾತ್ರಿ ದಕ್ಷಿಣಕ್ಕೆ ಸರಿದು ಬೆಟ್ಟದ ಹಿಂದೆ ಹೋದಾಗ ಟೆಂಟಿನ ಮೇಲೆ ನೆರಳು ಬೀಳುತ್ತಿತ್ತು. ನೆರಳು ಬಿದ್ದ ಗಳಿಗೆಯಿಂದ ಚಳಿ ಎದ್ದು ಕೂರುತ್ತಿತ್ತು. ಅದೇ ನಮಗೆ ರಾತ್ರಿ.

ಊಟದ ವಿಷಯ ಹೇಳಿಬಿಡುತ್ತೇನೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ತಯಾರಿಸಿದ ಪೊಟ್ಟಣಗಳು ನಮ್ಮ ಸಾಮಾನಿನಲ್ಲಿದ್ದವು. ಕುದಿಯುವ ನೀರಿಗೆ ಹಾಕಿ ಬಿಸಿ ಮಾಡಿದರೆ ಊಟ ಸಿದ್ಧ. ಪೊಟ್ಟಣದ ಮೇಲೆ ಮೈಸೂರು ಅನ್ನುವ ಹೆಸರು ನೋಡಿದಾಗಲೆಲ್ಲ ನನಗೆ ಹೊಟ್ಟೆಗಿಂತ ಮೊದಲು ಮನಸ್ಸು ತುಂಬುತ್ತಿತ್ತು. ಮಿಕ್ಕಂತೆ ಕಿಚಡಿಯೇ ಕಿಚಡಿ. ಅಮ್ಮ ಡಬ್ಬಿಗೆ ತುಂಬಿ ಕೊಟ್ಟಿದ್ದ ಹುರಿಹಿಟ್ಟನ್ನು ಬೆಲ್ಲ, ಬಿಸಿನೀರು ಹಾಕಿ ಕಲಸಿ ಕೊಟ್ಟರೆ ದಾದಾ ಇನ್ನೊಂದು ಉಂಡೆ ಕೇಳಿ ಪಡೆಯುತ್ತಿದ್ದರು. ನೀರಿಗೆ ಮಾತ್ರ ಹಿಮವನ್ನೇ ಕರಗಿಸಬೇಕು. ಅದರಲ್ಲೂ ಒಂದು ಹದವಿದೆ. ಬರಿ ಪಾತ್ರೆಗೆ ಹಿಮ ತುಂಬಿ ಪಂಪ್ ಸ್ಟೋವಿನ ಮೇಲಿಟ್ಟರೆ ಕೆಳಗಿನ ಪದರ ಕರಗಿದ ನೀರನ್ನು ಮೇಲಿನ ಹಿಮ ಹೀರಿಕೊಳ್ಳುತ್ತದೆ, ತಳ ಒಣಗಿ ಸೀಯುತ್ತದೆ. ಆ ನೀರಿನಲ್ಲಿ ಮಾಡಿದ ಚಹಾಕ್ಕೂ ಕಮಟು. ಹಾಗಾಗಿ ಭುಲಾ ಪ್ರತಿ ಸಲವೂ ತಳದಲ್ಲಿ ಒಂದು ಲೋಟ ನೀರು ಉಳಿಸಿಕೊಂಡು, ಅದು ಬಿಸಿಯಾದ ಮೇಲೆ ಹಿಡಿ ಹಿಡಿಯಾಗಿ ಹಿಮ ಹಾಕುತ್ತಿದ್ದ. ಆ ಒಂದು ಲೋಟ ನೀರನ್ನು ಯಾರಾದರೂ ಕುಡಿದುಬಿಟ್ಟರೆ ಅವನಿಗೆ ಕೆಟ್ಟ ಸಿಟ್ಟು.

ಅಲ್ಲಿ ಹಿಮಪೆಟ್ರೆಲ್ ಅನ್ನುವ ಹಕ್ಕಿ ಇದೆ. ಮೈಯೆಲ್ಲ ಅಚ್ಚ ಬಿಳುಪು, ಕೊಕ್ಕು ಕಣ್ಣು ಕಪ್ಪು. ಸಮುದ್ರದಿಂದ ಅಷ್ಟು ದೂರ ಹಾರಿ ಬಂದು ಈ ಬೆಟ್ಟದ ಬಂಡೆಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಹತ್ತಿರ ಹೋದರೆ ಹೊಟ್ಟೆಯೊಳಗಿನ ಎಣ್ಣೆಯನ್ನು ಗುರಿಯಿಟ್ಟು ಉಗುಳುತ್ತದೆ. ಭುಲಾ ಒಂದು ದಿನ ಬಗ್ಗಿ ನೋಡಿದ, ತೋಳಿನ ಮೇಲೆ ಬಿತ್ತು ಕಿತ್ತಳೆ ಬಣ್ಣದ ಎಣ್ಣೆ. ಕೊಳೆತ ಮೀನಿನ ನಾತ. ಆ ಕೋಟು ನಾವು ಹೊರಡುವವರೆಗೂ ಟೆಂಟಿನ ಹೊರಗೇ ಇತ್ತು. ಸಾವಿರಾರು ವರ್ಷ ಹೀಗೆ ಉಗುಳಿದ್ದೆಲ್ಲ ಗೂಡಿನ ಬಾಯಲ್ಲಿ ಮೇಣದಂತೆ ಪದರಗಟ್ಟಿರುತ್ತದೆ. ವಿಜ್ಞಾನಿಗಳು ಅದನ್ನು ಕೊರೆದು, ಆ ಜಾಗ ಯಾವಾಗಿನಿಂದ ಹಿಮದಿಂದ ಬಿಡುಗಡೆಯಾಗಿದೆ ಅಂತ ಲೆಕ್ಕ ಹಾಕುತ್ತಾರೆ. ಈ ಬೆಟ್ಟಕ್ಕೆ ಒಕ್ಕಲು ಅಂತ ಇರುವುದಾದರೆ ಈ ಹಕ್ಕಿಗಳೇ.

ಇನ್ನು ಗಾಳಿ. ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಪೂರ್ವದ ಕಡೆ ಆಕಾಶ ಹಾಲುಬಿಳಿಯಾಯಿತು, ಭುಲಾ ಟೆಂಟಿನ ಗೂಟಗಳಿಗೆ ಕಲ್ಲು ಹೇರತೊಡಗಿದ. ಸಂಜೆಯ ಹೊತ್ತಿಗೆ ಹೊರಗೆ ಕೈ ಚಾಚಿದರೆ ಕೈ ಕಾಣದು. ಹಾಗೆ ಎಷ್ಟು ಹೊತ್ತು ಬೀಸಿತು? ಎರಡು ದಿನ ಅಂತ ನನ್ನ ನೆನಪು. ವೈರ್‌ಲೆಸ್ ಹುಡುಗ ಆಮೇಲೆ ಸಿಕ್ಕಾಗ ಮೂರು ಅಂದ. ಅವನ ಹತ್ತಿರ ದಾಖಲೆ ಪುಸ್ತಕ ಇತ್ತು, ಅವನದೇ ಸರಿ ಇರಬೇಕು. ನಾಲ್ವರೂ ಅಡುಗೆ ಟೆಂಟಿನಲ್ಲಿ ಸೇರಿದೆವು. ಬಟ್ಟೆ ಪಟಪಟ ಬಡಿಯುವ ಸದ್ದಿಗೆ ಮಾತನ್ನು ಕೂಗಿ ಹೇಳಬೇಕಾಗಿತ್ತು. ದಾದಾ ಅಕ್ಕಿ ಚೀಲದ ಮೇಲೆ ನಕ್ಷೆ ಹರಡಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು.

ಭುಲಾ ಬಗ್ಗಿ ನೋಡಿ ಕೇಳಿದ, "ಸಾಬ್, ಈ ವೋಲ್ಟಾಟ್ ಯಾರು? ಈ ಬೆಟ್ಟ ಹತ್ತಿದವನಾ?"

"ನೋಡಿಯೂ ಇಲ್ಲ," ಅಂದರು ದಾದಾ.

ಆಮೇಲೆ ಅವರು ಹೇಳಿದ್ದು ಉದ್ದದ ಕಥೆ. ನಡುನಡುವೆ ಚಹಾ ಆಯಿತು. 1938ರ ಕೊನೆಯಲ್ಲಿ ಜರ್ಮನಿಯಿಂದ ಶ್ವಾಬೆನ್‌ಲಾಂಡ್ ಅನ್ನುವ ಹಡಗು ಹೊರಟಿತು. ಕ್ಯಾಪ್ಟನ್ ಆಲ್ಫ್ರೆಡ್ ರಿಚರ್ ಅದರ ಮುಖ್ಯಸ್ಥ. ಹಿಟ್ಲರನ ಕಾಲ ಅದು. ಜರ್ಮನಿಗೆ ಮಾರ್ಗರೀನಿಗೆ, ಸೋಪಿಗೆ ತಿಮಿಂಗಿಲದ ಎಣ್ಣೆ ಬೇಕಾಗಿತ್ತು. ನಾರ್ವೆಯವರಿಂದ ಕೊಳ್ಳಲು ವಿದೇಶಿ ಹಣ ಸುರಿಯಬೇಕು. ದಕ್ಷಿಣ ಸಮುದ್ರದಲ್ಲಿ ತಮ್ಮದೇ ಒಂದು ನೆಲೆ ಇದ್ದರೆ ಆ ಖರ್ಚು ಉಳಿದೀತು ಅನ್ನುವುದು ಲೆಕ್ಕ. ಹಡಗಿನ ಮೇಲೆ ಬೋರಿಯಾಸ್, ಪಸ್ಸಾಟ್ ಅಂತ ಎರಡು ನೀರುವಿಮಾನ. ಅವುಗಳನ್ನು ಡೆಕ್ಕಿನಿಂದ ಕವಣೆಯಂತ್ರದಲ್ಲಿ ಚಿಮ್ಮಿಸಿ ಹಾರಿಸುತ್ತಿದ್ದರು. 1939ರ ಜನವರಿಯಲ್ಲಿ ಹಡಗು ಹಿಮದಂಚಿಗೆ ಬಂದು ಮುಟ್ಟುವ ಕೆಲವೇ ದಿನ ಮೊದಲು ನಾರ್ವೆ ಆ ಸೀಮೆಯೆಲ್ಲ ತನ್ನದು ಅಂತ ಘೋಷಿಸಿ, ರಾಣಿ ಮಾಡ್ ಹೆಸರಿನ ನಾಡು ಅಂತ ಗಡಿ ಹಾಕಿಯಾಗಿತ್ತು. ಜರ್ಮನ್ನರು ಹಿಂದೆ ಸರಿಯಲಿಲ್ಲ. ಕೆಲವೇ ವಾರಗಳಲ್ಲಿ ಹಾರಿ ಹಾರಿ 11,000ಕ್ಕೂ ಹೆಚ್ಚು ಚಿತ್ರ ತೆಗೆದರು. ತಮ್ಮ ಗುರುತಿಗೆ ಸ್ವಸ್ತಿಕದ ಲೋಹದ ಬಾಣಗಳನ್ನು ಮೇಲಿಂದ ಬೀಳಿಸಿದರು. ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ.

ಬೆಟ್ಟದ ಮೇಲೆ ಅವರಲ್ಲಿ ಒಬ್ಬನೂ ಕಾಲಿಡಲಿಲ್ಲ. ಊರಿಗೆ ಹೋಗಿ ಚಿತ್ರ ಜೋಡಿಸಿ ನಕ್ಷೆ ಮಾಡಿದರು, ಹೆಸರು ಹಂಚಿದರು. ಯಾತ್ರೆಯ ಹಣಕಾಸು ನೋಡಿಕೊಂಡ ಅಧಿಕಾರಿ ಹೆಲ್ಮುಟ್ ವೋಲ್ಟಾಟ್, ಅವನಿಗೆ ಇಡೀ ಸಾಲು. ಚಿತ್ರಗಳಿಂದ ನಕ್ಷೆ ಬರೆದ ಓಟೋ ಫಾನ್ ಗ್ರೂಬರ್, ಅವನಿಗೆ ನಾವು ಕೂತಿದ್ದ ಕವಲು. ಬೋರಿಯಾಸ್ ಹಾರಿಸಿದ ಶಿರ್ಮಾಕರ್‌ಗೆ ನಮ್ಮ ಓಯಸಿಸ್. ಹಂಬೋಲ್ಟ್, ಪೀಟರ್‌ಮನ್ ಇಬ್ಬರೂ ಹಿಂದಿನ ಶತಮಾನದಲ್ಲೇ ತೀರಿಕೊಂಡ ದೊಡ್ಡ ಭೂಗೋಳ ಪಂಡಿತರು. ಪಶ್ಚಿಮಕ್ಕೆ ಇನ್ನೂ ದೂರದಲ್ಲಿ ಮ್ಯೂಲಿಗ್-ಹಾಫ್ಮನ್ ಅಂತ ಇನ್ನೊಂದು ಸಾಲು, ಅದು ವಿಮಾನ ಇಲಾಖೆಯ ಅಧಿಕಾರಿಯ ಹೆಸರು. ನೆಲದ ಮೇಲೆ ನಿಂತು ಅಳೆದ ಗುರುತುಗಳಿಲ್ಲದ್ದರಿಂದ ಅವರ ನಕ್ಷೆಯಲ್ಲಿ ಶಿಖರಗಳು ಇದ್ದ ಜಾಗ ಬಿಟ್ಟು ಬಹಳ ಸರಿದು ಕೂತವು. ಯುದ್ಧ ಬಂತು, ಚಿತ್ರಗಳಲ್ಲಿ ಬಹುಪಾಲು ನಾಶವಾದವು. ಜಾಗ ಸರಿಪಡಿಸಿದವರು ಮುಂದೆ ಬಂದ ನಾರ್ವೆಯವರು, ರಷ್ಯನ್ನರು. ಹೆಸರುಗಳನ್ನು ಮಾತ್ರ ಬಹುಮಟ್ಟಿಗೆ ಹಾಗೇ ಬಿಟ್ಟರು. ಜೊತೆಗೆ ತಮ್ಮದನ್ನೂ ಸೇರಿಸಿದರು. ನಾವಿದ್ದ ಕಡೆ ಕೆರೆಗೆ ಅಡ್ಡಗಟ್ಟಿ ನಿಂತ ಹಿಮನದಿಗೆ ಅನೂಚಿನ್ ಅಂತ ರಷ್ಯನ್ ಭೂಗೋಳ ಪಂಡಿತನ ಹೆಸರು.

ಆ ಕೆರೆಯ ಮಾತು ಬಂದದ್ದಕ್ಕೆ ಇಲ್ಲೇ ಹೇಳುತ್ತೇನೆ. ಅದರ ಹೆಸರು ಅನ್‌ಟರ್ಸೀ, ಅಂದರೆ ಕೆಳಗಿನ ಕೆರೆ. ಮೇಲೊಂದು ಓಬರ್ಸೀ ಇದೆ. ಬೇಸಿಗೆಯಲ್ಲೂ ಅದರ ಮೇಲಿನ ಮಂಜುಗಡ್ಡೆ ಪೂರ್ತಿ ಕರಗುವುದಿಲ್ಲ. ಆಳ 160 ಮೀಟರಿಗೂ ಹೆಚ್ಚು. ನಾವು ಮೇಲಿನ ದಿಣ್ಣೆಯಿಂದ ಅದರ ನೀಲಿ ಮುಚ್ಚಳ ನೋಡುತ್ತಾ ಬೆಲ್ಲ ತಿಂದದ್ದು ಚೆನ್ನಾಗಿ ನೆನಪಿದೆ. ಎಷ್ಟೋ ವರ್ಷದ ಮೇಲೆ ಮುಳುಗುಗಾರರು ತೂತು ಕೊರೆದು ಇಳಿದು ನೋಡಿದರೆ, ತಳದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಶಂಕುವಿನಾಕಾರದ ಗುಡ್ಡೆಗಳು! ಭೂಮಿಯ ಮೇಲೆ ಜೀವ ಎಳೆಯದಾಗಿದ್ದ ಕಾಲದ ಬಂಡೆಗಳಲ್ಲಿ ಕಾಣುವ ಆಕಾರಗಳು ಅವು. ಪತ್ರಿಕೆಯಲ್ಲಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ದಾದಾಗೆ ಕಲ್ಲಿನ ಹೆಸರಿನ ಮೇಲೆ ಬಹಳ ಪ್ರೀತಿ. ಚೀಲದಿಂದ ಒಂದು ತುಂಡು ತೆಗೆದು ನನ್ನ ಕೈಗಿತ್ತರು. ಕಂದು ಸಿಪ್ಪೆ, ಒಡೆದ ಮುಖ ಕಪ್ಪು ಹಸಿರು, ಜಿಡ್ಡು ಹೊಳಪು. ಪೀಟರ್‌ಮನ್ ಕಡೆಯಿಂದ ತಂದದ್ದು. ನೋಡಿದ ಕೂಡಲೇ ಚಾರ್ನಕೈಟ್ ಅಂದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಕಲ್ಲು. ವಿದ್ಯಾರ್ಥಿಯಾಗಿದ್ದಾಗ ಅಲ್ಲೆಲ್ಲ ಸುತ್ತಿಗೆ ಹಿಡಿದು ಅಲೆದವನು ನಾನು. ದಾದಾ ಮುಖ ಅರಳಿತು.

"ಈ ಹೆಸರು ಎಲ್ಲಿಂದ ಬಂತು ಗೊತ್ತಾ? ನಮ್ಮೂರಿಂದ," ಅಂದರು. "ಕೋಲ್ಕತಾದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಜಾಬ್ ಚಾರ್ನಕ್‌ನ ಗೋರಿ ಇದೆ. ಗೋರಿಯ ಕಲ್ಲು ಬಂದದ್ದು ಮದರಾಸಿನ ಪಲ್ಲಾವರಂನಿಂದ. ನಮ್ಮ ಇಲಾಖೆಯ ಹಾಲೆಂಡ್ ಸಾಹೇಬ ಇಂಥ ಕಲ್ಲನ್ನು ಮೊದಲು ವಿವರಿಸಿದಾಗ ಆ ಗೋರಿಯನ್ನು ನೆನೆದು ಈ ಹೆಸರಿಟ್ಟ. ಹುಡುಗನಾಗಿದ್ದಾಗ ದಿನಾ ಅದರ ಪಕ್ಕ ಹಾದು ಶಾಲೆಗೆ ಹೋಗುತ್ತಿದ್ದೆ. ಆ ಕಲ್ಲನ್ನು ಸವರದೆ ಮುಂದೆ ಹೋದವನಲ್ಲ."

ಜರ್ಮನ್ ಪಂಡಿತನ ಹೆಸರಿನ ಬೆಟ್ಟದಲ್ಲಿ, ನಾರ್ವೆ ತನ್ನದೆನ್ನುವ ನೆಲದಲ್ಲಿ, ಕೋಲ್ಕತಾದ ಗೋರಿಯ ಹೆಸರಿನ ಕಲ್ಲು. ಅದನ್ನು ಹಿಡಿದವನು ಬಿಳಿಗಿರಿರಂಗನ ಬೆಟ್ಟದಲ್ಲಿ ಕಲ್ಲಿನ ಪಾಠ ಕಲಿತವನು. ಒಂದು ಕಾಲಕ್ಕೆ ಇದೂ ನಮ್ಮ ದೇಶವೂ ಒಂದೇ ಭೂಖಂಡದಲ್ಲಿದ್ದವು. ಆ ಭೂಖಂಡಕ್ಕೆ ಇಟ್ಟ ಗೊಂಡ್ವಾನ ಅನ್ನುವ ಹೆಸರೂ ನಮ್ಮ ಮಧ್ಯಭಾರತದ ಗೊಂಡರದು. ಆ ತುಂಡನ್ನು ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ.

ವೈರ್‌ಲೆಸ್ ಹುಡುಗ ಉಪ್ಪಿನಕಾಯಿ ಚೀಪುತ್ತಾ, "ಹಾಗಾದರೆ ನಾವೂ ಒಂದು ಶಿಖರಕ್ಕೆ ಹೆಸರಿಡೋಣ ಸಾರ್," ಅಂದ. ಟೆಂಟಿನ ಹಿಂದಿನ ಶಿಖರಕ್ಕೆ ನಮ್ಮ ನಕ್ಷೆಯಲ್ಲಿ ಹೆಸರಿರಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದೆವು. ಭುಲಾ ಮಾತ್ರ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆ ಸ್ಟೋವಿಗೆ ಗಾಳಿ ಹೊಡೆಯುತ್ತಾ ಹೇಳಿದ, "ನಮ್ಮ ಕಡೆ ಬೆಟ್ಟಕ್ಕೆ ನಾವು ಹೆಸರಿಡೋದಿಲ್ಲ. ಅಲ್ಲಿ ಇರೋರು ಯಾರೋ ಅವರದೇ ಹೆಸರು. ನಂದಾದೇವಿ ಇದ್ದಾಳೆ, ಅದಕ್ಕೆ ನಂದಾದೇವಿ. ಇಲ್ಲಿ ಯಾರಿದ್ದಾರೆ ಅಂತ ನಮಗೆ ಇನ್ನೂ ಗೊತ್ತಿಲ್ಲವಲ್ಲ ಸಾಬ್."

ನನಗೆ ನಮ್ಮ ಕಡೆಯದೇ ನೆನಪಾಯಿತು. ಮುಳ್ಳಯ್ಯ ತಪಸ್ಸಿಗೆ ಕೂತ ಬೆಟ್ಟ ಮುಳ್ಳಯ್ಯನಗಿರಿ, ಮಹದೇಶ್ವರ ನೆಲೆಸಿದ್ದು ಮಹದೇಶ್ವರನ ಬೆಟ್ಟ. ಬುಡದ ಊರಿನವರಿಗೆ ಕುದುರೆಯ ಮುಖ ಕಂಡದ್ದಕ್ಕೆ ಕುದುರೆಮುಖ. ಹೆಸರು ಬಂದದ್ದು ಅಲ್ಲಿ ಓಡಾಡಿದವರ ಬಾಯಿಂದ. ಖಜಾನೆಯ ಅಧಿಕಾರಿಗೆ ಬೆಟ್ಟದ ಸಾಲು ಕೊಡುವುದು ನನಗೆ ಆವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ. ಗ್ರೂಬರ್‌ಗೆ ಒಂದು ಕವಲು ಸಲ್ಲುತ್ತದೆ. ಕಾಣದ ಬೆಟ್ಟವಾದರೂ ಕಣ್ಣು ಸೋಲುವಷ್ಟು ಹೊತ್ತು ಅದರ ಚಿತ್ರದ ಮೇಲೆ ಬಗ್ಗಿ ಕೂತವನು ಅವನು.

ದಾದಾ ನಡುವೆ ಎದ್ದು ಟೆಂಟಿನ ಬಾಯಿಯ ಹತ್ತಿರ ಹೋದರು. ಎಷ್ಟೇ ಗಾಳಿಯಿದ್ದರೂ ಒಂದು ಗೇಣು ಸಂದಿ ಬಿಡಲೇಬೇಕು ಅನ್ನುವುದು ಅವರ ಕಟ್ಟಪ್ಪಣೆ. ಮಲಗಿದ ಮೇಲೂ ರಾತ್ರಿ ಎದ್ದು ಎರಡೂ ಟೆಂಟು ನೋಡಿ ಬರುತ್ತಿದ್ದರು. ವಯಸ್ಸಾದವರ ಶಿಸ್ತು ಅಂದುಕೊಂಡಿದ್ದೆವು. ಆವತ್ತು ಸಂದಿಯಿಂದ ಹಿಮದ ಪುಡಿ ಒಳಗೆ ನುಗ್ಗಿ ಅಕ್ಕಿ ಚೀಲದ ಮೇಲೆ ಬೀಳುತ್ತಿತ್ತು. ಹುಡುಗ ಮುಚ್ಚಲು ಕೈ ಚಾಚಿದ. ದಾದಾ ಅವನ ಕೈ ಹಿಡಿದುಕೊಂಡರು.

"ಹಂಬೋಲ್ಟ್ ಅಂದೆನಲ್ಲ," ಅಂದರು, "1990ರ ಬೇಸಿಗೆಯಲ್ಲಿ ಅಲ್ಲಿನ ಬಿಡಾರದಲ್ಲಿ ನಮ್ಮವರು ನಾಲ್ಕು ಜನ ಮಲಗಿದ್ದರು. ಟೆಂಟಿನೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡಿತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಾಲ್ವರೂ ಏಳಲಿಲ್ಲ."

ಸ್ಟೋವು ಮಾತ್ರ ಸದ್ದು ಮಾಡುತ್ತಿತ್ತು. ಅವರು ಮುಂದುವರಿಸಿದರು. "ಹಂಬೋಲ್ಟ್ ದೊಡ್ಡ ಮನುಷ್ಯ, ಅವನ ಹೆಸರು ಇರಲಿ. ಆದರೆ ಆ ಬೆಟ್ಟದ ಹೆಸರು ಓದಿದಾಗ ನನ್ನ ಕಣ್ಣ ಮುಂದೆ ಬರೋದು ಆ ನಾಲ್ವರು."

ಭುಲಾ ಸಂದಿಯ ಎದುರಿಗಿದ್ದ ಅಕ್ಕಿ ಚೀಲವನ್ನು ಎತ್ತಿ ಬೇರೆ ಕಡೆ ಇಟ್ಟ. ಆಮೇಲೆ ಹಿಮ ಎಷ್ಟು ಬಿದ್ದರೂ ಬೀಳಲಿ ಅಂತ ಬಿಟ್ಟೆವು. ಕಿಚಡಿಯ ಮೇಲೂ ಬಿತ್ತು. ದಾದಾ ಮುಂದೆ ಎಷ್ಟೋ ಕಥೆ ಹೇಳಿದರು, ಕೆಲವು ಮರೆತಿದ್ದೇನೆ. ಅಂಟಾರ್ಕ್ಟಿಕಾದಲ್ಲಿ ಭಾರತೀಯರ ಹೆಸರಿನ ಜಾಗಗಳೂ ಇವೆ ಅಂತ ಅವತ್ತೇ ಮೊದಲು ಕೇಳಿದ್ದು. ಅಮೆರಿಕನ್ನರ ಜೊತೆ ಹೋಗಿ ಸೀಲು, ಹಕ್ಕಿಗಳ ಗಣತಿ ಮಾಡಿದ ಜೀವವಿಜ್ಞಾನಿ ಅಖೌರಿ ಸಿನ್ಹಾ ಅವರ ಹೆಸರಿನ ಮೌಂಟ್ ಸಿನ್ಹಾ ಖಂಡದ ಇನ್ನೊಂದು ಮಗ್ಗುಲಲ್ಲಿದೆ. ಹೆಸರಿಡಲು ಒಂದೊಂದು ದೇಶಕ್ಕೂ ಒಂದೊಂದು ಸಮಿತಿ. 1959ರ ಒಪ್ಪಂದ ಅಲ್ಲಿ ನೆಲದ ಜಗಳಗಳನ್ನೆಲ್ಲ ಇದ್ದಲ್ಲಿಗೇ ನಿಲ್ಲಿಸಿದೆ. ಹೆಸರಿಡುವುದನ್ನು ಯಾರೂ ನಿಲ್ಲಿಸಿಲ್ಲ. ಎಲ್ಲವನ್ನೂ ಒಟ್ಟು ಸೇರಿಸಿದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈಗ 35,000ಕ್ಕೂ ಹೆಚ್ಚು ಹೆಸರುಗಳಿವೆ. ಒಂದೇ ಕೆರೆಗೆ ಎರಡು ಮೂರು ಹೆಸರು ಇರುವುದೂ ಉಂಟು. ನಮ್ಮ ಪ್ರಿಯದರ್ಶಿನಿಯನ್ನು ರಷ್ಯನ್ನರು ಜುಬ್ ಅನ್ನುತ್ತಾರೆ. ನೀರಿನ ರುಚಿ ಇಬ್ಬರಿಗೂ ಒಂದೇ.

ಗಾಳಿ ನಿಂತ ಬೆಳಿಗ್ಗೆ ಟೆಂಟಿನ ಹೊರಗೆ ಬಂದರೆ ಬೇರೆ ಊರಿಗೆ ಬಂದ ಹಾಗಿತ್ತು. ದಿಣ್ಣೆ ಇದ್ದಲ್ಲಿ ಹಳ್ಳ, ಹಳ್ಳವಿದ್ದಲ್ಲಿ ದಿಣ್ಣೆ. ಇಂಧನದ ಪೀಪಾಯಿಗಳು ಪೂರ್ತಿ ಹೂತುಹೋಗಿದ್ದವು. ಮೈತ್ರಿಯಿಂದ ಪೈಲಟ್ ಕೇಳಿದ, ಎಲ್ಲಿ ಇಳಿಯಲಿ, ಗುರುತು ಏನು? ಹುಡುಗ ಕ್ರಾಪು ತಿದ್ದಿಕೊಂಡು ಸುತ್ತ ನೋಡಿದ. ಬೆಟ್ಟದ ಬುಡದಲ್ಲಿ ಹಿಮ ಮುಚ್ಚದೆ ಉಳಿದ ಒಂದೇ ಒಂದು ಬಂಡೆ. ಸೊಂಡಿಲು, ಕುಂಭಸ್ಥಳ ಎರಡೂ ಇದ್ದವು ಅದಕ್ಕೆ. "ಹಾಥಿಯ ಉತ್ತರಕ್ಕೆ ಬನ್ನಿ," ಅಂದ. ಪೈಲಟ್ ಅದನ್ನು ಎರಡನೇ ಸಲ ಕೇಳಲೇ ಇಲ್ಲ, ಮೇಲಿಂದ ಅವನಿಗೂ ಆನೆಯೇ ಕಂಡಿತು. ಭುಲಾನನ್ನು ಕೇಳಿದೆ, ಇದಕ್ಕೆ ನಿನ್ನ ಅಭ್ಯಂತರ ಇಲ್ಲವಾ ಅಂತ. "ಇದು ಬೆಟ್ಟ ಅಲ್ಲ ಸಾಬ್, ಮೈಲಿಗಲ್ಲು," ಅಂದ.

ಆ ಶಿಖರಕ್ಕೆ ನಾವು ಹೆಸರಿಡಲಿಲ್ಲ. ಮಾದರಿ ಚೀಲದ ಚೀಟಿಯಲ್ಲಿ ಸಂಖ್ಯೆ ಬರೆದೆವು. ಉಳಿದ ಇಂಧನವನ್ನು ಹೊರಡುವಾಗ ಅಲ್ಲೇ ಇಟ್ಟು, ಬಿದಿರಿನ ಗಳುವಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟು, ಮೈತ್ರಿಯ ದಾಖಲೆಯಲ್ಲಿ ದಾದಾ ಒಂದು ಸಾಲು ಬರೆದರು: ಎರಡು ಪೀಪಾಯಿ, ಹಾಥಿಯಿಂದ ಉತ್ತರಕ್ಕೆ ನಲವತ್ತು ಹೆಜ್ಜೆ. ಮರುವರ್ಷ ಹೋದ ತಂಡದವರಿಗೆ ಗಳು ಸಿಗಲಿಲ್ಲ, ಗಾಳಿ ಹೊತ್ತುಕೊಂಡು ಹೋಗಿತ್ತು. ಹಾಥಿ ಸಿಕ್ಕಿತು. ನಲವತ್ತು ಹೆಜ್ಜೆ ಎಣಿಸಿ ಅಗೆದು ಪೀಪಾಯಿಗಳನ್ನು ತೆಗೆದುಕೊಂಡರಂತೆ.